ತಕ್ಕಡಿಯೇ ಹೀರೋ

ಕೇಳುಗರೇ, ನಮಸ್ಕಾರ.

ಕೆಲವು ವರ್ಷಗಳ ಹಿಂದೆ ತಕ್ಕಡಿಯ ಬಗ್ಗೆ ಒಂದು ಸಾಕ್ಷ್ಯಚಿತ್ರ ಮಾಡಲು ಹೊರಟಿದ್ದೆ. ದುಡ್ಡು ಹಾಕಬೇಕಾದವರು ಮೊದಲು ಕೇಳಿದ್ದೇ "ಹೀರೋ ಯಾರು ಸಾರ್?" ಅಂತ. ತಕ್ಕಡಿ ಅಂದೆ. ಕಾಫಿ ಕುಡಿಸಿ ಕಳಿಸಿದರು.

ಅವರು ಕೇಳಿದ್ದು ತಪ್ಪಲ್ಲ ಬಿಡಿ. ಒಬ್ಬ ಮನುಷ್ಯನ ಬೆನ್ನು ಹತ್ತಿದರೆ ಗೆಲ್ತಾನಾ ಸೋಲ್ತಾನಾ ಅಂತ ನೋಡಲು ಜನ ಕೂತಿರುತ್ತಾರೆ. ವಿಚಾರವೊಂದರ ಬೆನ್ನು ಹತ್ತಿದರೆ ಅವರನ್ನು ಕೂರಿಸುವುದು ಹೇಗೆ?

ನನಗೆ ದಾರಿ ತೋರಿಸಿದ್ದು ಫ್ರಾನ್ಸಿನ ಆನ್ಯೆಸ್ ವಾರ್ದಾ 2000ದಲ್ಲಿ ಮಾಡಿದ ಚಿತ್ರ. ಅದರ ಹೆಸರನ್ನು ಕನ್ನಡದಲ್ಲಿ 'ಹಕ್ಕಲು ಆಯುವವರು ಮತ್ತು ನಾನು' ಅನ್ನಬಹುದು. ಕೊಯ್ಲು ಮುಗಿದ ಮೇಲೆ ಹೊಲದಲ್ಲಿ ಉಳಿದ ತೆನೆ ಆರಿಸುತ್ತಾರಲ್ಲ, ಅದೇ ಹಕ್ಕಲು. ಎಂಥ ಒಳ್ಳೇ ಪದ, ಈಗ ಬಾಯಲ್ಲಿ ಬರುವುದೇ ಕಡಿಮೆ.

ಚಿತ್ರ ಶುರುವಾಗುವುದು ನಿಘಂಟಿನಿಂದ. ಆಮೇಲೆ ಫ್ರೆಂಚ್ ಚಿತ್ರಕಾರ ಮಿಲೆ 1857ರಲ್ಲಿ ಬರೆದ ವರ್ಣಚಿತ್ರ, ಬೆನ್ನು ಬಗ್ಗಿಸಿ ತೆನೆ ಆಯುವ ಮೂವರು ಹೆಂಗಸರು. ಅಲ್ಲಿಂದ ಆಲೂಗಡ್ಡೆ ರಾಶಿಗೆ ಹೋಗುತ್ತೇವೆ. ಗಾತ್ರ ಸರಿಯಿಲ್ಲ, ಆಕಾರ ಸರಿಯಿಲ್ಲ ಅಂತ ಟನ್‌ಗಟ್ಟಲೆ ಸುರಿದದ್ದು. ಅದರಲ್ಲಿ ಹೃದಯದ ಆಕಾರದವನ್ನು ವಾರ್ದಾ ಆರಿಸಿ ಮನೆಗೆ ಒಯ್ಯುತ್ತಾರೆ. ಕಪ್ಪು ಕೋಟಿನ ವಕೀಲರೊಬ್ಬರು ಹೊಲದ ನಡುವೆ ನಿಂತು ಹಕ್ಕಲಿನ ಕಾನೂನು ಹೇಳುತ್ತಾರೆ. ಪ್ಯಾರಿಸ್‌ನಲ್ಲಿ ಸಂತೆ ಎತ್ತಿದ ಮೇಲೆ ಉಳಿದ ಸೊಪ್ಪು, ಹಣ್ಣು ಆರಿಸಿ ಅಲ್ಲೇ ತಿನ್ನುವವನೊಬ್ಬ ಸಿಗುತ್ತಾನೆ.

ಇನ್ನೊಂದು ದೃಶ್ಯ ನನಗೆ ತುಂಬಾ ಇಷ್ಟ. ವಾರ್ದಾ ಅವರ ಒಂದು ಕೈಯಲ್ಲಿ ಪುಟ್ಟ ಡಿಜಿಟಲ್ ಕ್ಯಾಮೆರಾ. ಅದು ನೋಡುತ್ತಿರುವುದು ಅವರದೇ ಇನ್ನೊಂದು ಕೈಯನ್ನು. ಎಪ್ಪತ್ತು ದಾಟಿದ ಸುಕ್ಕುಗಟ್ಟಿದ ಚರ್ಮ, ಪರದೆ ತುಂಬಾ. ಚಿತ್ರಗಳನ್ನು ಆಯುವ ತಾನೂ ಹಕ್ಕಲಿನವಳೇ, ಅಲ್ವಾ?

ಇಡೀ ಚಿತ್ರ ಒಬ್ಬರ ಕಥೆಯಲ್ಲ. ವಾರ್ದಾ ಉದ್ದಕ್ಕೂ ಇದ್ದಾರೆ, ಆದರೆ ಅವರಿಗೆ ಏನಾಗುತ್ತೆ ಅಂತ ನಾವು ಕಾಯುವುದಿಲ್ಲ. ಬೆಳೆಯುವುದು ಆ ಒಂದು ಪದ. ತೆನೆಯಿಂದ ಆಲೂಗಡ್ಡೆಗೆ, ಅಲ್ಲಿಂದ ಬೀದಿಯ ಕಸಕ್ಕೆ, ಮುಪ್ಪಿಗೂ. ಇನ್ನೆಲ್ಲಿಗೆ ಎಳೀತಾರೆ ಅಂತ ನೋಡಲು ನಾವು ಕೂತಿರುತ್ತೇವೆ.

ನನ್ನ ತಕ್ಕಡಿ ಚಿತ್ರದ ಎಡಿಟಿಂಗ್‌ನಲ್ಲಿ ನಾನು ಎಡವಿದ್ದು ಇಲ್ಲೇ. ತರಕಾರಿಯವರು, ಅಕ್ಕಸಾಲಿಗರು, ಗುಜರಿ ಅಂಗಡಿಯವರು ಅಂತ ಒಬ್ಬರಾದ ಮೇಲೆ ಒಬ್ಬರನ್ನು ಸಾಲಾಗಿ ಕೂರಿಸಿದ್ದೆ. ಎಲ್ಲರೂ ಚೆನ್ನಾಗಿಯೇ ಮಾತಾಡಿದ್ದರು. ಆದರೂ ಹತ್ತು ನಿಮಿಷಕ್ಕೆ ನನಗೇ ಆಕಳಿಕೆ. ಕೊನೆಗೆ ಎಲ್ಲವನ್ನೂ ಬಿಚ್ಚಿ, ಯಾರ ತೂಕವನ್ನು ಯಾರು ನಂಬುತ್ತಾರೆ ಅನ್ನುವ ಒಂದೇ ಪ್ರಶ್ನೆ ಹಿಡಿದು ಮತ್ತೆ ಜೋಡಿಸಿದೆ. ಅರ್ಧಕ್ಕರ್ಧ ಮಾತು ಉದುರಿಹೋಯಿತು.

ಈಗ ಚಿತ್ರದ ನಡುವೆ ಮಾತಿಲ್ಲದ ಎರಡು ಶಾಟ್ ಅಕ್ಕಪಕ್ಕ ಇವೆ. ಗಾಳಿ ತಾಗದಂತೆ ಗಾಜಿನ ಪೆಟ್ಟಿಗೆಯೊಳಗೆ ಇಟ್ಟ ಚಿನ್ನದ ತಕ್ಕಡಿ. ಆಮೇಲೆ ಗುಜರಿ ಅಂಗಡಿಯ ತಕ್ಕಡಿ. ಅದರ ಮೇಲೆ ಹಳೇ ಪೇಪರ್ ಕಟ್ಟು, ಮುಳ್ಳನ್ನೇ ನೋಡುತ್ತಾ ನಿಂತ ಒಬ್ಬ ಅಜ್ಜಿ.