‘ಇಂಟ್ ಲಿನಕ್ಸ್’ ಅಂದ್ರೆ ಯಾಕೆ ಎರರ್? ಜಿಸಿಸಿ ಪ್ರೀಪ್ರೊಸೆಸರ್ ಒಳಗೆ ಇಣುಕಿ ನೋಡೋಣ

ನಮಸ್ಕಾರ ಎಲ್ಲರಿಗೂ. ಇವತ್ತಿನ ವ್ಲಾಗ್‌ನಲ್ಲಿ ತಿರುಗಾಟ ಇಲ್ಲ, ತಿಂಡಿ ರಿವ್ಯೂ ಇಲ್ಲ. ಒಂದು ಲ್ಯಾಪ್‌ಟಾಪ್, ಒಂದು ಟರ್ಮಿನಲ್, ಪಕ್ಕದಲ್ಲಿ ನಮ್ಮ ಚಿಕ್ಕಮ್ಮನ ಮಗ. ಇಂಜಿನಿಯರಿಂಗ್ ಓದುತ್ತಿದ್ದಾನೆ. ಬಂದವನೇ ಬ್ಯಾಗ್ ಇಳಿಸೋಕೂ ಮುಂಚೆ, "ಅಕ್ಕಾ, ಈ ಜಿಸಿಸಿಗೆ ತಲೆ ಕೆಟ್ಟಿದೆ" ಅಂದ. ಜಿಸಿಸಿ ಅಂದರೆ ನಾವು ಸಿ ಭಾಷೆಯಲ್ಲಿ ಬರೆದದ್ದನ್ನು ಮಷೀನ್‌ಗೆ ಅರ್ಥವಾಗೋ ಹಾಗೆ ಮಾಡಿಕೊಡೋ ಕಂಪೈಲರ್.

ಅವನ ಪ್ರೋಗ್ರಾಂ ಸ್ಕ್ರೀನ್ ಮೇಲಿದೆ ನೋಡಿ. ಲ್ಯಾಬ್‌ನಲ್ಲಿ ಯಾವ ಆಪರೇಟಿಂಗ್ ಸಿಸ್ಟಮ್‌ನ ಮಷೀನ್ ಎಷ್ಟಿವೆ ಅಂತ ಲೆಕ್ಕ ಇಡೋದು, ಅಷ್ಟೇ. ಮೊದಲ ಸಾಲು, ಇಂಟ್ ವಿಂಡೋಸ್ ಈಕ್ವಲ್ಸ್ 12. ಎರಡನೇ ಸಾಲು, ಇಂಟ್ ಲಿನಕ್ಸ್ ಈಕ್ವಲ್ಸ್ 5. ಎಲ್ಲ ಚಿಕ್ಕಕ್ಷರ. ವಿಂಡೋಸ್‌ಗೆ ಏನೂ ತಕರಾರಿಲ್ಲ. ಲಿನಕ್ಸ್ ಸಾಲಿಗೆ ಮಾತ್ರ ಎರರ್. ಅಂಕಿ ಬರೋಕೆ ಮುಂಚೆ ಇಲ್ಲೊಂದು ಹೆಸರು ಇರಬೇಕಿತ್ತು ಅಂತ ಹೇಳುತ್ತಿದೆ. ಹೆಸರು ಕಣ್ಣೆದುರೇ ಇದೆಯಲ್ಲ! ಹುಡುಗನಿಗೆ ಸಿಟ್ಟು ಬಂದದ್ದು ನ್ಯಾಯವೇ.

ಇಂಥ ಹೊತ್ತಿನಲ್ಲಿ ಜಾಸ್ತಿ ಯೋಚನೆ ಮಾಡಬೇಡಿ. ಕಂಪೈಲರ್‌ಗೆ ನಿಜವಾಗಿ ಏನು ತಲುಪಿತು ಅಂತ ನೋಡಿ. ಅದಕ್ಕಿರೋದೇ ಮೈನಸ್ ಇ ಅನ್ನೋ ಆಪ್ಷನ್. ಕಂಪೈಲ್‌ಗೂ ಮುಂಚೆ ಪ್ರೀಪ್ರೊಸೆಸರ್ ಅನ್ನೋದು ನಮ್ಮ ಫೈಲನ್ನು ತಿದ್ದಿ ಕೊಡುತ್ತದೆ, ಅಷ್ಟಕ್ಕೇ ನಿಲ್ಲಿಸಿ ತೋರಿಸು ಅಂತ ಇದರ ಅರ್ಥ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಹೇಳೋ ಆಪ್ಷನ್ ಅಕ್ಷರಗಳೆಲ್ಲ ದೊಡ್ಡಕ್ಷರ, ಚಿಕ್ಕದಾದರೆ ಚಿಕ್ಕದು ಅಂತಲೇ ಹೇಳುತ್ತೇನೆ. ಇಲ್ಲಿ ಅಕ್ಷರ ಬದಲಾದರೆ ಅರ್ಥವೇ ಬದಲು.

ಜಿಸಿಸಿ, ಮೈನಸ್ ಇ, ಫೈಲ್ ಹೆಸರು. ಎಂಟರ್. ಸರ ಸರ ಅಂತ ಏಳೆಂಟುನೂರು ಸಾಲು ಓಡಿ ಹೋಯಿತು. ಇವನು ಬರೆದದ್ದು ಹತ್ತು ಸಾಲೂ ಇಲ್ಲ. ಉಳಿದದ್ದೆಲ್ಲ ಇವನು ಇನ್‌ಕ್ಲೂಡ್ ಅಂತ ಸೇರಿಸಿದ ಎಸ್‌ಟಿಡಿಐಒ ಡಾಟ್ ಎಚ್ ಮತ್ತು ಅದು ಎಳೆದುಕೊಂಡು ಬಂದ ಬೇರೆ ಹೆಡರ್‌ಗಳು, ಅಂದರೆ ಹೀಗೆ ಸೇರಿಸಿಕೊಳ್ಳೋಕೆ ಇರೋ ಫೈಲ್‌ಗಳು. ಇವನ ಕೋಡ್ ಕಟ್ಟಕಡೆಯಲ್ಲಿದೆ. ಅಲ್ಲಿ ನೋಡಿ. ಇಂಟ್ 1 ಈಕ್ವಲ್ಸ್ 5.

ಲಿನಕ್ಸ್ ಅನ್ನೋ ಹೆಸರು ಹೋಗಿ ಅಲ್ಲಿ 1 ಕೂತಿದೆ. ಪಾಪ, ಕಂಪೈಲರ್ ಹೇಳಿದ್ದು ಸರಿಯಾಗಿಯೇ ಇತ್ತು. ಅದು ಓದಿದ್ದು ಇವನ ಫೈಲನ್ನಲ್ಲ, ಪ್ರೀಪ್ರೊಸೆಸರ್ ತಿದ್ದಿ ಕೊಟ್ಟ ಪ್ರತಿಯನ್ನು.

"ನಾನು ಡಿಫೈನ್ ಮಾಡೇ ಇಲ್ವಲ್ಲ ಅಕ್ಕಾ?"

ನೀನು ಮಾಡಿಲ್ಲ ಕಣೋ, ಜಿಸಿಸಿ ತಾನೇ ಮಾಡಿಟ್ಟಿದೆ. ಏನೇನು ಮಾಡಿಟ್ಟಿದೆ ಅಂತ ನೋಡೋಕೆ ಮೈನಸ್ ಇ ಜೊತೆ ಇನ್ನೊಂದು ಆಪ್ಷನ್ ಸೇರಿಸಬೇಕು. ಮೈನಸ್, ಚಿಕ್ಕ ಡಿ, ದೊಡ್ಡ ಎಂ. ಫೈಲ್ ಬದಲು ಖಾಲಿ ಇನ್‌ಪುಟ್ ಕೊಡಿ, ಅಂದರೆ ಡೆವ್ ನಲ್ ಅನ್ನೋ ಸದಾ ಖಾಲಿ ಇರೋ ಫೈಲ್. ಒಂದಕ್ಷರ ಕೋಡ್ ಇಲ್ಲದಿದ್ದರೂ ನೂರಾರು ಮ್ಯಾಕ್ರೋಗಳ ಪಟ್ಟಿ ಬರುತ್ತದೆ. ಮ್ಯಾಕ್ರೋ ಅಂದರೆ ಈ ಹೆಸರು ಕಂಡಲ್ಲೆಲ್ಲ ಅದರ ಜಾಗಕ್ಕೆ ಇದನ್ನು ಹಾಕು ಅನ್ನೋ ಡೆಫಿನಿಷನ್. ಇಂಟ್ ಎಷ್ಟು ಬೈಟ್, ಅದರ ಗರಿಷ್ಠ ಬೆಲೆ ಎಷ್ಟು, ಯಾವ ಪ್ರೊಸೆಸರ್, ಜಿಸಿಸಿ ಯಾವ ವರ್ಷನ್, ಎಲ್ಲ ಅಲ್ಲೇ ಇದೆ. ನಾನು ಹೊಸ ಬೋರ್ಡ್‌ಗೆ ಕ್ರಾಸ್ ಕಂಪೈಲರ್, ಅಂದರೆ ಇಲ್ಲಿ ಕೂತು ಬೇರೆ ಪ್ರೊಸೆಸರ್‌ಗೆ ಪ್ರೋಗ್ರಾಂ ಮಾಡಿಕೊಡೋ ಕಂಪೈಲರ್, ಹಾಕಿದ ಕೂಡಲೇ ಮಾಡೋ ಮೊದಲ ಕೆಲಸ ಇದೇ. ಮ್ಯಾನ್ಯುಯಲ್ ಹುಡುಕೋದಕ್ಕಿಂತ ಬೇಗ ಉತ್ತರ ಸಿಗುತ್ತದೆ.

ಇಲ್ಲೊಂದು ತಮಾಷೆ ಇದೆ. ಮೈನಸ್ ಇ ಹಾಕದೆ ಬರೀ ಚಿಕ್ಕ ಡಿ, ದೊಡ್ಡ ಎಂ ಕೊಟ್ಟರೆ ಎರರ್ ಬರಲ್ಲ, ಪಟ್ಟಿಯೂ ಬರಲ್ಲ. ಆಗ ಅದೇ ಆಪ್ಷನ್ ಕಂಪೈಲರ್‌ನ ಒಳಗಿನ ಇನ್ಯಾವುದೋ ಹಂತದ ಡಂಪ್ ಅಂತ ಅರ್ಥ ಮಾಡಿಕೊಳ್ಳುತ್ತದೆ. ಒಂದೇ ಹೆಸರಿಗೆ ಎರಡು ಕೆಲಸ ಕೊಟ್ಟವರಿಗೆ ದೊಡ್ಡ ನಮಸ್ಕಾರ.

ಸರಿ, ಪಟ್ಟಿಯಲ್ಲಿ ಹುಡುಕಿದೆವು. ಲಿನಕ್ಸ್, 1. ಯುನಿಕ್ಸ್, 1. ಇದು ಹಳೇ ಕಾಲದ ಪದ್ಧತಿ. ಯಾವ ಸಿಸ್ಟಮ್ ಮೇಲಿದ್ದೇವೆ ಅಂತ ತಿಳಿಯೋಕೆ ಆಗಿನ ಕಂಪೈಲರ್‌ಗಳು ಹೀಗೆ ಸಾದಾ ಹೆಸರುಗಳನ್ನೇ ಇಟ್ಟುಬಿಡುತ್ತಿದ್ದವು. ಸಿ ಭಾಷೆಗೆ 1989ರ ಸ್ಟ್ಯಾಂಡರ್ಡ್ ಬಂದಮೇಲೆ ಇಂಥವಕ್ಕೆ ಅಂಡರ್‌ಸ್ಕೋರ್ ಇರೋ ಹೆಸರೇ ಬೇಕು ಅಂತಾಯಿತು. ಆದರೆ ಹಳೇ ಕೋಡ್ ಕೆಡಬಾರದು ಅಂತ ಜಿಸಿಸಿ ತನ್ನ ಗ್ನೂ ಮೋಡ್‌ನಲ್ಲಿ ಅವನ್ನು ಹಾಗೇ ಉಳಿಸಿಕೊಂಡಿದೆ. ನಾವು ಏನೂ ಹೇಳದಿದ್ದರೆ ಓಡೋದು ಈ ಗ್ನೂ ಮೋಡೇ. ಸ್ಟ್ಯಾಂಡರ್ಡ್ ಪ್ರಕಾರವೇ ನಡೆ ಅನ್ನೋಕೆ ಮೈನಸ್ ಎಸ್‌ಟಿಡಿ ಈಕ್ವಲ್ಸ್ ಸಿ11 ಅಂತ ಎಲ್ಲ ಚಿಕ್ಕಕ್ಷರದಲ್ಲಿ ಕೊಡಿ, ಲಿನಕ್ಸ್ ಮಾಯ. ಅಥವಾ ಮೈನಸ್ ಯು ಲಿನಕ್ಸ್ ಅನ್ನಿ. ಯು ಅಂದರೆ ಆ ಡೆಫಿನಿಷನ್ ಕಿತ್ತುಹಾಕು ಅಂತ. ಜಿಸಿಸಿ ತಾನೇ ಇಟ್ಟದ್ದನ್ನೂ ಅದು ಕೀಳುತ್ತದೆ. ಎರಡರಲ್ಲೂ ಇವನ ಪ್ರೋಗ್ರಾಂ ಓಡಿತು.

ಹುಡುಗ ಇಷ್ಟಕ್ಕೇ ಎದ್ದು ಹೊರಟ. ಕೂತ್ಕೋ, ಕಾಫಿ ಬರ್ತಿದೆ ಅಂದೆ.

ಯಾಕೆಂದರೆ ಮುಖ್ಯವಾದ ಮಾತು ಇನ್ನೂ ಬಾಕಿ. ಪ್ರೀಪ್ರೊಸೆಸರ್‌ಗೆ ಸಿ ಭಾಷೆ ಬರೋದೇ ಇಲ್ಲ. ಅದು ಕತ್ತರಿ, ಗೋಂದು ಹಿಡಿದು ಕೂತ ಆಸಾಮಿ. ಅಂಟಿಸು ಅಂದದ್ದನ್ನು ಅಂಟಿಸುತ್ತದೆ, ಕತ್ತರಿಸು ಅಂದದ್ದನ್ನು ಕತ್ತರಿಸುತ್ತದೆ. ನಂಬಿಕೆ ಇಲ್ಲವಾ? ಒಂದು ಡಾಟ್ ಸಿ ಫೈಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ‘ಇವತ್ತು ಊಟ ಜೋರು’ ಅಂತ ಬರೆದೆ. ಊಟ ಅನ್ನೋದನ್ನು ಮಾತ್ರ ದೊಡ್ಡಕ್ಷರದಲ್ಲಿ. ಜಿಸಿಸಿ, ಮೈನಸ್ ಇ, ಮೈನಸ್ ಪಿ, ಮೈನಸ್ ಡಿ ಊಟ ಈಕ್ವಲ್ಸ್ ಮುದ್ದೆ. ಮೈನಸ್ ಡಿ ಅಂದರೆ ಕಮಾಂಡ್‌ನಲ್ಲೇ ಡಿಫೈನ್ ಮಾಡೋದು. ಬಂತು ನೋಡಿ, ‘ಇವತ್ತು ಮುದ್ದೆ ಜೋರು’. ಒಂದು ಎರರೂ ಇಲ್ಲ. ಮೈನಸ್ ಪಿ ಯಾಕೆ ಅಂದರೆ, ಅದಿಲ್ಲದಿದ್ದರೆ ನಡುನಡುವೆ ಹ್ಯಾಶ್‌ನಿಂದ ಶುರುವಾಗೋ ಸಾಲುಗಳು ಬರುತ್ತವೆ. ಯಾವ ಫೈಲಿನ ಎಷ್ಟನೇ ಸಾಲು ಅಂತ ಕಂಪೈಲರ್‌ಗೆ ಗುರುತು ಹೇಳೋಕೆ ಅವು. ನಾವು ಓದೋಕೆ ಸುಮ್ನೆ ಅಡ್ಡ.

ಹಿಂದೆ ಈ ಪ್ರೀಪ್ರೊಸೆಸರನ್ನು ಐಚ್ಛಿಕ ಅಂತಲೇ ಇಟ್ಟಿದ್ದರು. ಡೆನಿಸ್ ರಿಚಿ ಸಿ ಭಾಷೆಯನ್ನು ರೂಪಿಸುತ್ತಿದ್ದಾಗ, 1972-73ರ ಸುಮಾರಿಗೆ ಪ್ರೀಪ್ರೊಸೆಸರ್ ಸೇರಿತು. ಮೊದಲಿಗೆ ಇದ್ದದ್ದು ಫೈಲ್ ಸೇರಿಸೋದು ಮತ್ತು ಸಾದಾ ಮ್ಯಾಕ್ರೋ ಮಾತ್ರ. ಪ್ರೋಗ್ರಾಂನ ಶುರುವಿನಲ್ಲಿ ಬೇಕು ಅಂತ ಗುರುತು ಹಾಕಿದರಷ್ಟೇ ಅದು ಓಡುತ್ತಿತ್ತು. ಆರ್ಗ್ಯುಮೆಂಟ್ ಇರೋ ಮ್ಯಾಕ್ರೋ, ಇಫ್ ಕಂಡಿಷನ್, ಇವೆಲ್ಲ ಆಮೇಲೆ ಮೈಕ್ ಲೆಸ್ಕ್, ಜಾನ್ ರೈಸರ್ ಕೈಯಿಂದ ಬಂದದ್ದು.

ಈಗ ಮೈನಸ್ ಡಿ. ಎಲ್ಲರಿಗೂ ಗೊತ್ತಿರೋ ಆಪ್ಷನ್. ಎಲ್ಲರೂ ಎಡವೋದೂ ಇಲ್ಲೇ. ಮೈನಸ್ ಡಿ ಡೀಬಗ್ ಅಂತ ಬರೀ ಹೆಸರು ಕೊಟ್ಟರೆ ಅದರ ಬೆಲೆ 1. ಡೀಬಗ್ ಈಕ್ವಲ್ಸ್ ಅಂತ ಬರೆದು ಮುಂದೆ ಏನೂ ಹಾಕದಿದ್ದರೆ ಬೆಲೆ ಖಾಲಿ. ಆಗ ಕೋಡ್‌ನಲ್ಲಿ ಹ್ಯಾಶ್ ಇಫ್ ಡೀಬಗ್, ಅಂದರೆ ಡೀಬಗ್ ಬೆಲೆ 0 ಅಲ್ಲದಿದ್ದರೆ ಮಾತ್ರ ಮುಂದಿನ ಸಾಲು ಇಟ್ಟುಕೋ, ಅಂತಿದ್ದರೆ ಎರರ್, ಇಫ್ ಮುಂದೆ ಏನೂ ಇಲ್ಲವಲ್ಲ ಅಂತ. ಇನ್ನು ಡೀಬಗ್ ಈಕ್ವಲ್ಸ್ 0 ಅಂತ ಕೊಟ್ಟು ಆಫ್ ಆಯಿತು ಅಂದುಕೊಳ್ಳೋರಿದ್ದಾರೆ. ಕೋಡ್‌ನಲ್ಲಿರೋದು ಇಫ್‌ಡೆಫ್ ಆದರೆ ಅದು ಆನ್ ಆಗೇ ಇರುತ್ತದೆ. ಇಫ್‌ಡೆಫ್ ಕೇಳೋದು ಹೆಸರು ಇದೆಯಾ ಅಂತ ಮಾತ್ರ, ಬೆಲೆ ಎಷ್ಟು ಅಂತಲ್ಲ.

ಇದಕ್ಕಿಂತ ಕೆಟ್ಟದ್ದು ಸ್ಪೆಲಿಂಗ್. ಹ್ಯಾಶ್ ಇಫ್ ಮುಂದೆ ಡೀಬಗ್‌ನ ಒಂದಕ್ಷರ ಹಿಂದೆ ಮುಂದೆ ಆಯಿತು ಅನ್ನಿ. ಅಂಥ ಹೆಸರೇ ಇಲ್ಲ. ಪ್ರೀಪ್ರೊಸೆಸರ್ ಏನು ಮಾಡುತ್ತದೆ? ಬೈಯಲ್ಲ, ಕೇಳಲ್ಲ. ಗೊತ್ತಿಲ್ಲದ ಹೆಸರಿಗೆ 0 ಅಂತ ಹಿಡಿದು ಮುಂದೆ ಹೋಗುತ್ತದೆ. ನಿಮ್ಮ ಅರ್ಧ ಕೋಡ್ ಸದ್ದಿಲ್ಲದೆ ಕತ್ತರಿಗೆ ಹೋಗಿರುತ್ತದೆ. ಸ್ಟ್ಯಾಂಡರ್ಡೇ ಹಾಗೆ ಹೇಳೋದರಿಂದ ಜಿಸಿಸಿಯನ್ನು ಬೈದು ಪ್ರಯೋಜನವಿಲ್ಲ. ಡಬ್ಲ್ಯೂ ಅನ್‌ಡೆಫ್ ಅನ್ನೋ ವಾರ್ನಿಂಗ್ ಆಪ್ಷನ್ ಇದನ್ನು ಹಿಡಿಯುತ್ತದೆ. ಬೇಸರದ ಸಂಗತಿ ಏನೆಂದರೆ ಡಬ್ಲ್ಯೂ ಆಲ್ ಹಾಕಿದರೂ ಇದು ಬರಲ್ಲ, ಬೇರೆಯಾಗಿಯೇ ಹಾಕಬೇಕು. ಯಾವ ಫೈಲನ್ನು ಯಾವಾಗ ಕಂಪೈಲ್ ಮಾಡಬೇಕು ಅಂತ ನೋಡಿಕೊಳ್ಳೋ ಮೇಕ್ ಅನ್ನೋ ಟೂಲ್‌ಗೆ ನಾನು ಬರೆದಿಡೋ ಮೇಕ್‌ಫೈಲ್‌ಗಳಲ್ಲಿ ಇದು ಕಾಯಂ.

ಕಾಫಿ ಬಂತು. ಇವನು ಇನ್ನೊಂದು ಸಮಸ್ಯೆ ತೆಗೆದ. ಗೆಳೆಯನ ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ಟೈಮ್ ಡಾಟ್ ಎಚ್ ಅಂತ ಒಂದು ಫೈಲ್ ಇದೆ. ಅವರದೇ ಟೈಮರ್‌ಗೆ ಬರೆದುಕೊಂಡದ್ದು. ಕಮಾಂಡ್‌ನಲ್ಲಿ ಮೈನಸ್ ಐ, ಒಂದು ಡಾಟ್, ಅಂದರೆ ಹೆಡರ್‌ಗಳನ್ನು ಈ ಫೋಲ್ಡರ್‌ನಲ್ಲೂ ಹುಡುಕು ಅಂತ. ಈಗ ಸ್ಟ್ಯಾಂಡರ್ಡ್ ಟೈಮ್ ಫಂಕ್ಷನ್‌ಗಳು ಯಾವುವೂ ಸಿಗುತ್ತಿಲ್ಲ. ಯಾಕೆ? ಮೈನಸ್ ಐ ಕೊಟ್ಟ ಫೋಲ್ಡರನ್ನು ಸಿಸ್ಟಮ್ ಫೋಲ್ಡರ್‌ಗಿಂತ ಮುಂಚೆ ಹುಡುಕುತ್ತದೆ, ಆಂಗಲ್ ಬ್ರಾಕೆಟ್ ಹಾಕಿ ಇನ್‌ಕ್ಲೂಡ್ ಮಾಡಿದರೂ. ಹಾಗಾಗಿ ಇವರ ಟೈಮ್ ಡಾಟ್ ಎಚ್ ಮೊದಲು ಸಿಕ್ಕಿತು, ಅಸಲಿಯದು ಬಾಗಿಲಲ್ಲೇ ನಿಂತಿತು.

ಇದನ್ನು ಊಹೆ ಮಾಡಬೇಕಿಲ್ಲ. ಮೈನಸ್ ಎಚ್ ಹಾಕಿ. ಯಾವ ಹೆಡರ್ ಯಾವ ದಾರಿಯಿಂದ ಬಂತು ಅಂತ ಒಂದೊಂದೇ ಸಾಲಿನಲ್ಲಿ ತೋರಿಸುತ್ತದೆ. ಸಾಲಿನ ಮುಂದೆ ಚುಕ್ಕಿಗಳು. ಒಂದು ಚುಕ್ಕಿ ಅಂದರೆ ನಾವೇ ಸೇರಿಸಿದ್ದು. ಎರಡು ಅಂದರೆ ಅದರೊಳಗಿಂದ ಬಂದದ್ದು. ಮೂರು ಅಂದರೆ ಅದಕ್ಕೂ ಒಳಗೆ. ಇದು ಮಾಮೂಲಿ ಔಟ್‌ಪುಟ್‌ಗೆ ಅಲ್ಲ, ಎರರ್ ಮೆಸೇಜ್‌ಗಳು ಹೋಗೋ ಸ್ಟ್ಯಾಂಡರ್ಡ್ ಎರರ್‌ಗೆ ಹೋಗುತ್ತದೆ, ಪೈಪ್ ಹಾಕಿದರೆ ಸಿಗಲ್ಲ, ರೀಡೈರೆಕ್ಟ್ ಮಾಡಿಕೊಳ್ಳಿ.

ಪರಿಹಾರ ಅಂದರೆ ಮೈನಸ್ ಐಕೋಟ್, ಚಿಕ್ಕ ಐ ಜೊತೆ ಕೋಟ್ ಅನ್ನೋ ಇಂಗ್ಲಿಷ್ ಪದ, ಎಲ್ಲ ಚಿಕ್ಕಕ್ಷರ. ಅಲ್ಲಿ ಕೊಟ್ಟ ಫೋಲ್ಡರ್‌ನಲ್ಲಿ ಡಬಲ್ ಕೋಟ್ ಹಾಕಿದ ಇನ್‌ಕ್ಲೂಡ್‌ಗೆ ಮಾತ್ರ ಹುಡುಕುತ್ತದೆ. ಆಂಗಲ್ ಬ್ರಾಕೆಟ್‌ನವು ನೇರ ಅಸಲಿ ಹೆಡರ್‌ಗೆ ಹೋಗುತ್ತವೆ. ಇದರ ತಮ್ಮ ಐಸಿಸ್ಟಮ್, ಇದೂ ಎಲ್ಲ ಚಿಕ್ಕಕ್ಷರ. ಬೇರೆಯವರ ಲೈಬ್ರರಿ ಹೆಡರ್‌ಗಳಿಂದ ವಾರ್ನಿಂಗ್ ಮಳೆ ಸುರಿಯುತ್ತಿದ್ದರೆ ಆ ಫೋಲ್ಡರನ್ನು ಐಸಿಸ್ಟಮ್ ಅಡಿಯಲ್ಲಿ ಹಾಕಿ. ಅವನ್ನು ಸಿಸ್ಟಮ್ ಹೆಡರ್ ಅಂತ ತಿಳಿದು ಅಲ್ಲಿಂದ ಬರೋ ವಾರ್ನಿಂಗ್‌ಗಳನ್ನು ಹೆಚ್ಚುಕಮ್ಮಿ ಎಲ್ಲ ಮುಚ್ಚಿಡುತ್ತದೆ. ನಿಮ್ಮ ಸ್ವಂತ ಕೋಡ್‌ಗೆ ಮಾತ್ರ ಹೀಗೆ ಮಾಡಬೇಡಿ ಮತ್ತೆ!

ಎಂ ಅಕ್ಷರದ ಆಪ್ಷನ್‌ಗಳದ್ದೇ ಒಂದು ಸಂಸಾರ ಇದೆ. ಎಲ್ಲ ಹೇಳಲ್ಲ. ಮೇಕ್ ಬಳಸೋರಿಗೆ ಎರಡು ಸಾಕು, ಎಂಎಂಡಿ ಮತ್ತು ಎಂಪಿ. ಕಂಪೈಲ್ ಆಗುತ್ತಲೇ ಪಕ್ಕದಲ್ಲಿ ಒಂದು ಡಾಟ್ ಚಿಕ್ಕ ಡಿ ಫೈಲ್ ಹುಟ್ಟುತ್ತದೆ. ಈ ಸಿ ಫೈಲ್ ಯಾವ್ಯಾವ ಹೆಡರ್ ಮೇಲೆ ನಿಂತಿದೆ ಅಂತ ಮೇಕ್‌ಗೆ ಅರ್ಥವಾಗೋ ಹಾಗೆ ಬರೆದಿರುತ್ತದೆ, ಸಿಸ್ಟಮ್ ಹೆಡರ್ ಬಿಟ್ಟು. ಅದನ್ನು ಮೇಕ್‌ಫೈಲ್‌ನಲ್ಲಿ ಇನ್‌ಕ್ಲೂಡ್ ಮಾಡಿ. ಹೆಡರ್ ತಿದ್ದಿದರೆ ಬೇಕಾದ ಫೈಲ್‌ಗಳಷ್ಟೇ ಮತ್ತೆ ಕಂಪೈಲ್ ಆಗುತ್ತವೆ. ಎಂಪಿ ಯಾಕೆ ಅಂದರೆ, ಮುಂದೊಂದು ದಿನ ಆ ಹೆಡರನ್ನು ಅಳಿಸಿಹಾಕಿದಾಗ, ಇದನ್ನು ಮಾಡೋದು ಹೇಗೆ ಅಂತ ಗೊತ್ತಿಲ್ಲ ಎಂದು ಮೇಕ್ ಹಟ ಹಿಡಿಯದಿರಲಿ ಅಂತ.

ಕಡೆಗೆ ಇವನೇ ಕೀಬೋರ್ಡ್ ಎಳೆದುಕೊಂಡ. ಮೈನಸ್ ಡಿ ವರ್ಷನ್ ಈಕ್ವಲ್ಸ್, ಡಬಲ್ ಕೋಟ್‌ನಲ್ಲಿ ಬೀಟಾ. ಪ್ರಿಂಟ್ ಮಾಡೋಕೆ ಹೋದರೆ ಬೀಟಾ ಅನ್ನೋ ವೇರಿಯಬಲ್ಲೇ ಇಲ್ಲ ಅಂತ ಎರರ್. ನಾನು ಹೇಳೋಕೆ ಮುಂಚೆಯೇ ಅವನು ಮೈನಸ್ ಇ ಹಾಕಿ ನೋಡಿದ. ಔಟ್‌ಪುಟ್‌ನಲ್ಲಿ ಕೋಟ್ ಇಲ್ಲ. "ಶೆಲ್ ತಿಂದ್ಬಿಟ್ಟಿದೆ ಅಲ್ವಾ ಅಕ್ಕಾ?" ಹೌದು, ಟರ್ಮಿನಲ್‌ನಲ್ಲಿ ನಮ್ಮ ಕಮಾಂಡನ್ನು ಮೊದಲು ಓದೋದು ಶೆಲ್, ಜಿಸಿಸಿ ಕೈಗೆ ಹೋಗೋಕೆ ಮುಂಚೆಯೇ ಅದು ಕೋಟ್ ಬಿಚ್ಚಿಬಿಟ್ಟಿದೆ. ಇಡೀ ಆಪ್ಷನ್‌ಗೆ ಹೊರಗಿನಿಂದ ಸಿಂಗಲ್ ಕೋಟ್ ಸುತ್ತಿದ, ಒಳಗಿನ ಡಬಲ್ ಕೋಟ್ ಹಾಗೇ ಬಿಟ್ಟ. ಬೀಟಾ ಪ್ರಿಂಟ್ ಆಯಿತು. ಕಮಾಂಡ್‌ಗಳೆಲ್ಲ ವಿಡಿಯೋ ಕೆಳಗೆ ಡಿಸ್ಕ್ರಿಪ್ಷನ್‌ನಲ್ಲಿವೆ, ಅಕ್ಷರ ದೊಡ್ಡದಾ ಚಿಕ್ಕದಾ ನೋಡಿಕೊಂಡು ಟೈಪ್ ಮಾಡಿ.