ಗ್ಯಾಸ್ ಅಲ್ಲ ಮಾರಾಯ್ರೇ!

ನಮಸ್ಕಾರ, ಕುಂಬಳೆಯಿಂದ ನಿಮ್ಮ ನರ್ಸಕ್ಕ. ಕಳೆದ ವಿಡಿಯೋಗೆ ಒಬ್ಬರು ಬರೆದಿದ್ದಾರೆ: "ಪೆಟ್ಟೇ ಬೀಳದೆ ಹೊಟ್ಟೆಯೊಳಗೆ ರಕ್ತ ಹೇಗೆ ಸುರೀತದೆ? ಸುಮ್ಮನೆ ಹೆದರಿಸ್ಬೇಡಿ, ಅದು ಗ್ಯಾಸ್." ಅದಕ್ಕೆ ಲೈಕಿನ ಮೇಲೆ ಲೈಕು! ಸಪ್ತಭಾಷೆಯ ಕಾಸರಗೋಡಿನಲ್ಲಿ ಏಳೂ ಭಾಷೆಯವರು ಜಗಳವಿಲ್ಲದೆ ಒಪ್ಪುವುದು ಇದೊಂದನ್ನೇ, ಹೊಟ್ಟೆನೋವು ಅಂದ್ರೆ ಗ್ಯಾಸ್.

ನಾನು ಹೇಳಿದ್ದು ಇಷ್ಟೇ. ಹೊಟ್ಟೆನೋವಿನೊಟ್ಟಿಗೆ ತಲೆತಿರುಗಿ ಬಿದ್ರೆ, ಮುಖ ಬಿಳಿಚಿ ಮೈ ತಣ್ಣಗೆ ಬೆವರಿದ್ರೆ, ಗ್ಯಾಸ್ ಅನ್ಬೇಡಿ. ಒಳಗೆ ರಕ್ತ ಹೋಗ್ತಾ ಉಂಟಾ ಅಂತ ಮೊದಲು ನೋಡಿಸಿ.

ಪೆಟ್ಟು ಬೇಕಾ? ಗರ್ಭಕೋಶ ಬಿಟ್ಟು ಅಂಡನಾಳದಲ್ಲಿ ಕೂತ ಗರ್ಭಕ್ಕೆ ಯಾರು ಪೆಟ್ಟು ಕೊಡ್ಬೇಕು? ಬಸುರಿ ಅಂತ ಅವಳಿಗೇ ಗೊತ್ತಿರುವುದಿಲ್ಲ, ನಾಳ ಒಡೀತದೆ. "ಅವಳಿಗೆ ಮಕ್ಕಳು ನಿಲ್ಲಿಸುವ ಆಪರೇಷನ್ ಆಗಿದೆ ಸಿಸ್ಟರ್." ಆಗಿರ್ಲಿ! ಅದಾದ್ಮೇಲೂ ಅಪರೂಪಕ್ಕೆ ಗರ್ಭ ನಿಲ್ತದೆ, ನಿಂತರೆ ನಾಳದಲ್ಲಿರುವ ಭಯ ಜಾಸ್ತಿ. ಮೂತ್ರ ಪರೀಕ್ಷೆಗೆ ಐದು ನಿಮಿಷ. ಮದುವೆ ಆಗಿದೆಯಾ ಇಲ್ವಾ, ಮರ್ಯಾದೆ ಪುರಾಣ ಆಮೇಲೆ. ಲಿವರಿನ ಗಡ್ಡೆ, ಉಬ್ಬಿದ ರಕ್ತನಾಳ, ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ವಾರ್ಫರಿನ್ ಮಾತ್ರೆ, ಇವಕ್ಕೂ ಪೆಟ್ಟು ಬೇಡ.

ಆಗ ಬರ್ತಾರೆ ರಿಪೋರ್ಟ್ ಪಂಡಿತರು. "ಹಿಮೋಗ್ಲೋಬಿನ್ 12 ಉಂಟಲ್ಲ!" ಪಾತ್ರೆಯಿಂದ ಅರ್ಧ ಸಾರು ಚೆಲ್ಲಿದ್ರೆ ಉಳಿದ ಸಾರಿನ ಖಾರ ಕಡಿಮೆ ಆಗ್ತದಾ? ನೀರು ಸೇರಿದ ಮೇಲಲ್ವಾ? ರಕ್ತವೂ ಹಾಗೇ, ಅಂಕಿ ಇಳಿಯಲಿಕ್ಕೆ ಗಂಟೆಗಟ್ಟಲೆ ಬೇಕು. ನಾಡಿ ಹಿಡಿದು ನೋಡಿ, 130 ಓಡ್ತಾ ಇರಬಹುದು. ಎಳೆ ಪ್ರಾಯದವರಲ್ಲಿ ಬಿಪಿ ಕೂಡ ತುಂಬ ಹೊತ್ತು ಸರಿ ಇದ್ದ ಹಾಗೆ ನಾಟಕ ಆಡ್ತದೆ. ಮಲಗಿಸಿದ್ರೆ ಭುಜದ ತುದಿ ನೋಯ್ತದೆ ಅಂತಾಳಾ? ಎದೆ-ಹೊಟ್ಟೆ ನಡುವಿನ ಪರದೆ ಉಂಟಲ್ಲ, ವಪೆ, ಅದಕ್ಕೆ ರಕ್ತ ತಾಗಿದ ನೋವು ಅದು. ನೀವು ಅದಕ್ಕೆ ಮುಲಾಮು ತಿಕ್ತೀರಿ!

ಸಬ್‌ಸ್ಕ್ರೈಬ್ ಮಾಡಿ ಆಯ್ತಾ. ನನ್ನ ಗಂಡನೇ ಇನ್ನೂ ಮಾಡಿಲ್ಲ.

ಗ್ಯಾಸ್ ಅಲ್ಲ! ಮಂಚದ ಹತ್ತಿರವೇ ಅಲ್ಟ್ರಾಸೌಂಡ್ ಇಟ್ರೆ ಒಳಗೆ ತುಂಬಿದ ರಕ್ತ ನಿಮಿಷಗಳಲ್ಲಿ ಕಾಣ್ತದೆ. ರಕ್ತ ಏರಿಸ್ಲಿಕ್ಕೆ ಎರಡೂ ಕೈಗೆ ದಪ್ಪ ಸೂಜಿ, ಬ್ಲಡ್ ಬ್ಯಾಂಕಿಗೆ ಸ್ಯಾಂಪಲ್. ಬಿಪಿ ನಿಲ್ಲದವರನ್ನು ಸಿಟಿ ಸ್ಕ್ಯಾನಿಗೆ ದೂಡಿಕೊಂಡು ಹೋಗುವುದಲ್ಲ, ಸೀದಾ ಥಿಯೇಟರಿಗೆ, ಒಡೆದ ಅಂಡನಾಳ ತೆಗೀಲಿಕ್ಕೆ. ಬಿಪಿ ನಿಂತವರಿಗೆ ಸಿಟಿ ಆಂಜಿಯೋ, ಅಂದ್ರೆ ರಕ್ತನಾಳ ತೋರಿಸುವ ಸ್ಕ್ಯಾನ್. ತೊಡೆಸಂದಿಯಿಂದ ಸಪೂರ ನಳಿಗೆ ತೂರಿಸಿ ಸೋರುವ ರಕ್ತನಾಳವನ್ನೇ ಮುಚ್ಚಲಿಕ್ಕೂ ಆಗ್ತದೆ. ವಾರ್ಫರಿನ್ ತಿನ್ನುವವರಿಗೆ ವಿಟಮಿನ್ ಕೆ.

"ನಾಳೆ ಮಂಗಳೂರಲ್ಲೇ ತೋರಿಸ್ತೇವೆ, ಈಗ ಜೀರಿಗೆ ಕಷಾಯ ಕುಡೀಲಿ." ನಾಳೆ ಅಂತೆ! ಕಾಸರಗೋಡಿಂದ ಸುಮಾರು 50 ಕಿಲೋಮೀಟರ್. 2020ರ ಕೊರೊನಾ ಲಾಕ್‌ಡೌನಿನಲ್ಲಿ ಗಡಿಯ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ಆ ದೂರ ಎಂತದ್ದು ಅಂತ ನೋಡಿದವರು ನಾವೇ ಅಲ್ವಾ? ಹತ್ತಿರದ ಆಸ್ಪತ್ರೆಯಲ್ಲಿ ಸೂಜಿ, ಸ್ಕ್ಯಾನ್, ಅಲ್ಲಿಂದ ಫೋನ್, ಮತ್ತೆ ಆಂಬುಲೆನ್ಸ್.

"ಹಾಗಾದ್ರೆ ಎಲ್ಲ ಹೊಟ್ಟೆನೋವಿಗೂ ಸ್ಕ್ಯಾನಾ ಅಕ್ಕ?" ನಾನು ಹಾಗೆ ಹೇಳಿದ್ನಾ? ತಲೆತಿರುಗಿ ಬಿದ್ದವರಿಗೆ ಅಂದೆ! ಕಿವಿ ಉಂಟಲ್ಲ? "ನಮ್ಮಜ್ಜಿ ಕಷಾಯ ಕುಡಿದೇ ತೊಂಬತ್ತು ವರ್ಷ ಬದುಕಿದ್ರು." ಸಂತೋಷ. ಅಜ್ಜಿಗೆ ಗ್ಯಾಸೇ ಇತ್ತು! ಇವಳಿಗೆ ಗ್ಯಾಸ್ ಅಲ್ಲ, ಅಲ್ಲ, ಅಲ್ಲ. ವಾದ ಮಾಡ್ಲಿಕ್ಕಿದ್ರೆ ಭಾನುವಾರ ಲೈವಿಗೆ ಬನ್ನಿ, ಗೆದ್ದವರಿಗೆ ನರ್ಸಕ್ಕನ ಮಗ್ ಉಂಟು. ಇದುವರೆಗೆ ಯಾರಿಗೂ ಕೊಟ್ಟಿಲ್ಲ.