ಮಂಗನ ಕಾಯಿಲೆ ಮತ್ತು ಊರು ತಾನೇ ಬರೆಯಬೇಕಾದ ಆರೋಗ್ಯ ಯೋಜನೆ

ಕೇಳುಗರೆಲ್ಲರಿಗೂ ನಮಸ್ಕಾರ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೆ ಒಂದರಂತೆ ಸತ್ತು ಬೀಳತೊಡಗಿದವು. ಅದೇ ಹೊತ್ತಿಗೆ ಕಾಡಂಚಿನ ಊರುಗಳಲ್ಲಿ ಜನ ವಿಪರೀತ ಜ್ವರ, ತಲೆನೋವು, ಮೈಕೈ ನೋವಿನಿಂದ ಹಾಸಿಗೆ ಹಿಡಿದರು. ಹಳದಿ ಜ್ವರವೇ ನಮ್ಮ ದೇಶಕ್ಕೆ ಬಂದಿತೇನೋ ಎಂಬ ಆತಂಕದಲ್ಲಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಪರೀಕ್ಷೆ ನಡೆಸಿದಾಗ, ಇದು ಅಲ್ಲಿಯವರೆಗೆ ಜಗತ್ತಿಗೆ ಗೊತ್ತೇ ಇರದಿದ್ದ ಬೇರೊಂದು ವೈರಸ್ ಎಂದು ತಿಳಿಯಿತು. ವೈದ್ಯಗ್ರಂಥಗಳು ಈ ರೋಗಕ್ಕೆ ಆ ಕಾಡಿನ ಹೆಸರನ್ನು ಕೊಟ್ಟವು. ನಮ್ಮ ಜನ ಮಾತ್ರ ಅದನ್ನು ಮಂಗನ ಕಾಯಿಲೆ ಎಂದೇ ಕರೆದರು. ಮಂಗ ಸಾಯುವುದಕ್ಕೂ ಮನುಷ್ಯನಿಗೆ ಜ್ವರ ಬರುವುದಕ್ಕೂ ನಂಟಿದೆ ಎಂಬ ಮೊದಲ ಗ್ರಹಿಕೆ ಆ ಹೆಸರಿನಲ್ಲೇ ಇದೆ.

ಸಮುದಾಯದ ನೇತೃತ್ವದ ಆರೋಗ್ಯ ಯೋಜನೆ ಎಂಬ ಮಾತನ್ನು ಕೇಳಿದಾಗಲೆಲ್ಲ ನನಗೆ ಈ ಹೆಸರು ನೆನಪಾಗುತ್ತದೆ. ಊರಿಗೆ ಮೊದಲೇ ಗೊತ್ತಿರುವ ಸಂಗತಿಗಳಿಂದ ಯೋಜನೆ ಆರಂಭವಾಗಬೇಕು ಎಂಬುದೇ ಈ ಹೊತ್ತು ನಾನು ಹೇಳಬಯಸುವ ಮಾತು.

ಈ ರೋಗ ಹರಡುವ ಬಗೆಯನ್ನು ಸ್ವಲ್ಪ ನೋಡೋಣ. ವೈರಸ್ಸನ್ನು ಹೊತ್ತು ತರುವುದು ಉಣುಗು. ಸೋಂಕು ತಗುಲಿದ ಮಂಗ ಸತ್ತಾಗ ಅದರ ಮೈಮೇಲಿದ್ದ ಉಣುಗುಗಳು ಕೆಳಗಿನ ತರಗೆಲೆಗಳ ಮೇಲೆ ಉದುರುತ್ತವೆ; ಆ ಜಾಗದಲ್ಲಿ ಓಡಾಡಿದವರಿಗೆ ಕಚ್ಚಿ ರೋಗವನ್ನು ದಾಟಿಸುತ್ತವೆ. ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣದಾದ ಮರಿ ಉಣುಗುಗಳ ಹಾವಳಿ ಮಳೆಗಾಲ ಮುಗಿದ ಮೇಲೆ ಆರಂಭವಾಗಿ ಬೇಸಿಗೆಯವರೆಗೂ ಇರುತ್ತದೆ. ಹಾಗಾಗಿಯೇ ಹೆಚ್ಚಿನ ಪ್ರಕರಣಗಳು ಡಿಸೆಂಬರಿನಿಂದ ಮೇ ತಿಂಗಳವರೆಗಿನ ಅವಧಿಯಲ್ಲಿ ಕಾಣುತ್ತವೆ. ಮನುಷ್ಯನಿಂದ ಮನುಷ್ಯನಿಗೆ ಇದು ಹರಡುವುದಿಲ್ಲ. ಆದರೆ ಮಲೆನಾಡಿನ ರೈತ ಕೊಟ್ಟಿಗೆಗೆ, ಅಡಿಕೆ ತೋಟಕ್ಕೆ ದರಗು, ಅಂದರೆ ಒಣಗಿ ಉದುರಿದ ಎಲೆ, ಗುಡಿಸಿ ತರುವುದು, ಸೌದೆ ಕಡಿಯುವುದು, ದನ ಮೇಯಿಸಲು ಹೋಗುವುದು ಇವೇ ತಿಂಗಳುಗಳಲ್ಲಿ. ಬದುಕಿನ ಕೆಲಸದ ಕಾಲವೂ ರೋಗದ ಕಾಲವೂ ಒಂದೇ ಆಗಿಬಿಟ್ಟಿವೆ. ಹೀಗಿರುವಾಗ ಕಾಡಿಗೆ ಹೋಗಬೇಡಿ ಎಂದು ಭಿತ್ತಿಪತ್ರ ಅಂಟಿಸಿದರೆ ಅದನ್ನು ಪಾಲಿಸುವುದು ಹೇಗೆ? ದರಗಿಲ್ಲದೆ ಗೊಬ್ಬರವಿಲ್ಲ, ಸೌದೆಯಿಲ್ಲದೆ ಒಲೆ ಉರಿಯುವುದಿಲ್ಲ.

2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಈ ಕಾಯಿಲೆ ಉಲ್ಬಣಿಸಿ ಸಾವುಗಳಾದದ್ದನ್ನು, ಅನೇಕ ರೋಗಿಗಳನ್ನು ಮಣಿಪಾಲದವರೆಗೆ ಸಾಗಿಸಬೇಕಾಗಿ ಬಂದದ್ದನ್ನು ಮಲೆನಾಡಿನವರು ಮರೆತಿಲ್ಲ. ದಶಕಗಳಿಂದ ಕೊಡುತ್ತಿದ್ದ ಲಸಿಕೆ ನಿರೀಕ್ಷಿಸಿದಷ್ಟು ಪರಿಣಾಮಕಾರಿಯಾಗಿಲ್ಲವೆಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಉಣುಗು ಕಚ್ಚದಂತೆ ಮೈಗೆ ಹಚ್ಚಿಕೊಳ್ಳುವ ಡೆಪಾ ತೈಲ, ಮೈಮುಚ್ಚುವ ಬಟ್ಟೆ, ಕಾಡಿನಿಂದ ಬಂದ ಕೂಡಲೇ ಬಿಸಿನೀರಿನ ಸ್ನಾನ, ಜ್ವರ ಬಂದ ತಕ್ಷಣ ರಕ್ತಪರೀಕ್ಷೆ, ಸತ್ತ ಮಂಗದ ಬಗ್ಗೆ ಬೇಗನೆ ಸುದ್ದಿ ತಲುಪಿಸುವುದು, ಇವೇ ನಮ್ಮ ಮುಖ್ಯ ರಕ್ಷಣೆಗಳಾದವು. ಗಮನಿಸಿ, ಇವುಗಳಲ್ಲಿ ಒಂದಾದರೂ ಊರಿನವರ ಕೈ ಸೇರದೆ ನಡೆಯುವಂಥದ್ದಲ್ಲ.

ಊರು ಕೂತು ಯೋಚಿಸುವುದಕ್ಕೆ ಹೊಸ ವ್ಯವಸ್ಥೆಯೇನೂ ಬೇಕಿಲ್ಲ. 2005ರ ಏಪ್ರಿಲ್ 12ರಂದು ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಹಳ್ಳಿಹಳ್ಳಿಗೂ ಆರೋಗ್ಯ ಸಮಿತಿ ಇರಬೇಕೆಂದಿತು. ಇಂದು ಅದನ್ನು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತಾ ಸಮಿತಿ ಎನ್ನುತ್ತೇವೆ. ಪಂಚಾಯಿತಿ ಸದಸ್ಯರು, ಆಶಾ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆ, ಊರಿನ ಮಹಿಳೆಯರು ಅದರಲ್ಲಿರುತ್ತಾರೆ. ಊರಿನ ಅಗತ್ಯಕ್ಕೆ ತಕ್ಕಂತೆ ಬಳಸಲು ವರ್ಷಕ್ಕೆ 10,000 ರೂಪಾಯಿಯವರೆಗಿನ ಮುಕ್ತ ನಿಧಿಯನ್ನೂ ಅಭಿಯಾನ ನಿಗದಿಪಡಿಸಿತ್ತು. ಹಣ ಸಣ್ಣದು, ನಿಜ. ಆದರೆ ಯಾವುದಕ್ಕೆ ಖರ್ಚು ಮಾಡಬೇಕೆಂದು ನಿರ್ಧರಿಸುವ ಹಕ್ಕನ್ನು ಊರಿಗೆ ಬಿಟ್ಟದ್ದು ದೊಡ್ಡ ಸಂಗತಿ. ತಮ್ಮ ಆರೋಗ್ಯದ ಯೋಜನೆಯಲ್ಲಿ ಪಾಲ್ಗೊಳ್ಳುವುದು ಜನರ ಹಕ್ಕೂ ಹೌದು, ಕರ್ತವ್ಯವೂ ಹೌದು ಎಂದು 1978ರಲ್ಲೇ ಪ್ರಾಥಮಿಕ ಆರೋಗ್ಯ ಕುರಿತ ಅಂತಾರಾಷ್ಟ್ರೀಯ ಸಮ್ಮೇಳನದ ಆಲ್ಮಾ ಆಟಾ ಘೋಷಣೆ ಸಾರಿತ್ತು.

ಇಂಥ ಸಮಿತಿ ದೀಪಾವಳಿಗೆ ಮುಂಚೆ ಒಂದು ಸಂಜೆ ಸೇರಿತೆಂದು ಭಾವಿಸಿ. ಸಂಜೆ ಎಂದದ್ದಕ್ಕೆ ಕಾರಣವಿದೆ: ಹಗಲು ಹನ್ನೊಂದು ಗಂಟೆಗೆ ಸಭೆ ಕರೆದರೆ ದರಗಿಗೆ ಹೋಗುವ ಹೆಂಗಸರೂ ಕೂಲಿಯವರೂ ಬರಲಾರರು. ರೋಗಕ್ಕೆ ಎಲ್ಲರಿಗಿಂತ ಮೊದಲು ಎದುರಾಗುವವರೇ ಅವರು. ಅವರಿಲ್ಲದ ಸಭೆಯಲ್ಲಿ ಸಿದ್ಧವಾದ ಯೋಜನೆಯನ್ನು ಊರಿನ ಯೋಜನೆ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಅಂಗಳದಲ್ಲಿ ರಂಗೋಲಿ ಪುಡಿಯಿಂದಲೇ ಊರಿನ ನಕ್ಷೆ ಬರೆಯಲಿ. ಯಾವ ಮನೆಯವರು ಯಾವ ಬೆಟ್ಟಕ್ಕೆ ಹೋಗುತ್ತಾರೆ, ದನ ಯಾವ ಹಾದಿಯಲ್ಲಿ ಇಳಿಯುತ್ತವೆ, ಹಿಂದಿನ ವರ್ಷಗಳಲ್ಲಿ ಮಂಗ ಸತ್ತು ಬಿದ್ದದ್ದು ಎಲ್ಲಿ, ದರಗಿನ ರಾಶಿ ಯಾರ ಮನೆಯ ಗೋಡೆಗೆ ತಾಗಿಕೊಂಡಿದೆ, ಫೋನಿನ ಸಿಗ್ನಲ್ ಎಲ್ಲಿ ಸಿಗುತ್ತದೆ, ರಾತ್ರಿ ಜ್ವರ ಏರಿದರೆ ಯಾರ ಜೀಪು ಹೊರಡುತ್ತದೆ ಎಂಬುದನ್ನೆಲ್ಲ ಗುರುತಿಸಲಿ. ಈ ವಿವರಗಳು ಯಾವ ಕಚೇರಿಯ ಕಡತದಲ್ಲೂ ಇರುವುದಿಲ್ಲ. ನಕ್ಷೆ ಮುಗಿಯುವ ಹೊತ್ತಿಗೆ ಅರ್ಧ ಯೋಜನೆ ತಾನಾಗಿಯೇ ಮೂಡಿರುತ್ತದೆ: ಈ ವರ್ಷ ಯಾವ ಬೆಟ್ಟವನ್ನು ಬಿಡಬೇಕು, ತೈಲ ಯಾರ ಮನೆಯಲ್ಲಿ ಇರಬೇಕು, ದರಗಿನ ರಾಶಿಯನ್ನು ಎಷ್ಟು ದೂರಕ್ಕೆ ಸರಿಸಬೇಕು.

ಮಂಗ ಸತ್ತ ಸುದ್ದಿಯ ವಿಷಯ ಸ್ವಲ್ಪ ಸೂಕ್ಷ್ಮವಾದದ್ದು. ಸುದ್ದಿ ಕೊಟ್ಟರೆ ಅರಣ್ಯ ಇಲಾಖೆಯವರು ತಮ್ಮನ್ನೇ ಪ್ರಶ್ನಿಸಿಯಾರು ಎಂದು ಅಂಜುವವರಿದ್ದಾರೆ. ಊರಿಗೆ ಕೆಟ್ಟ ಹೆಸರು ಬರುತ್ತದೆ ಎಂದು ಹಿಂಜರಿಯುವವರೂ ಇದ್ದಾರೆ. ಈ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವುದು ತಪ್ಪು. ಅರಣ್ಯ, ಆರೋಗ್ಯ ಮತ್ತು ಪಶುವೈದ್ಯ ಇಲಾಖೆಗಳವರು ಸಮಿತಿಯ ಮುಂದೆ ಬಂದು, ಸುದ್ದಿ ಕೊಟ್ಟವರಿಗೆ ತೊಂದರೆಯಾಗುವುದಿಲ್ಲವೆಂದು ಒಟ್ಟಾಗಿ ಮಾತು ಕೊಟ್ಟು, ಆ ಮಾತನ್ನು ನಡೆಸಿಕೊಟ್ಟಾಗಲೇ ಜನ ಬಾಯಿ ಬಿಡುತ್ತಾರೆ.

ಹಾಗೆಂದು ಎಲ್ಲ ಹೊಣೆಯನ್ನೂ ಊರಿನ ಹೆಗಲಿಗೆ ಹೊರಿಸಿ ಸರ್ಕಾರ ಹಿಂದೆ ಸರಿಯಬಹುದೆಂದು ಯಾರೂ ಭಾವಿಸಬಾರದು. ಪ್ರಯೋಗಾಲಯ, ಆಂಬುಲೆನ್ಸ್, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಾಯಂ ವೈದ್ಯರು, ಹೊಸ ಲಸಿಕೆಯ ಸಂಶೋಧನೆ, ಇವು ಸರ್ಕಾರದ ಕೆಲಸಗಳು. ಇವುಗಳನ್ನು ಕೇಳಿ ಪಡೆಯುವುದೂ ಊರಿನ ಯೋಜನೆಯ ಭಾಗವೇ. ಸಮಿತಿಯ ಬೇಡಿಕೆ ವಾರ್ಡ್ ಸಭೆಯಲ್ಲಿ ದಾಖಲಾಗಿ ಗ್ರಾಮಸಭೆಗೆ ಹೋಗಲಿ, ಅಲ್ಲಿಂದ ಪಂಚಾಯಿತಿಯ ಅಭಿವೃದ್ಧಿ ಯೋಜನೆಯ ಪುಟಕ್ಕೆ ಏರಲಿ. ಬಾಯಿಮಾತಿನ ದೂರು ಮರೆತುಹೋಗುತ್ತದೆ. ಠರಾವಿನ ಪುಸ್ತಕದಲ್ಲಿ ಬರೆದದ್ದಕ್ಕೆ ಯಾರಾದರೂ ಉತ್ತರ ಕೊಡಲೇಬೇಕಾಗುತ್ತದೆ.

ಜೂನ್ ತಿಂಗಳಲ್ಲಿ ಮಳೆ ಹಿಡಿದು ಉಣುಗಿನ ಕಾಟ ತಗ್ಗಿದ ಮೇಲೆ ಅದೇ ಜನ ಅದೇ ಅಂಗಳದ ಜಗುಲಿಯಲ್ಲಿ ಮತ್ತೆ ಸೇರಬೇಕು. ದೀಪಾವಳಿಗೆ ಮುಂಚೆ ಬರೆದಿಟ್ಟದ್ದನ್ನು ಒಬ್ಬರು ಗಟ್ಟಿಯಾಗಿ ಓದಲಿ. ತೈಲ ಸಾಕಾಯಿತೇ, ಜ್ವರ ಬಂದವರ ರಕ್ತಪರೀಕ್ಷೆಯ ಫಲಿತಾಂಶ ಎಷ್ಟು ದಿನಕ್ಕೆ ಬಂತು, ಬಿಡಬೇಕೆಂದಿದ್ದ ಬೆಟ್ಟಕ್ಕೆ ಯಾರಾದರೂ ಹೋದರೇ, ಹೋಗಿದ್ದರೆ ಅವರಿಗೆ ಬೇರೆ ದಾರಿ ಏಕೆ ಇರಲಿಲ್ಲ ಎಂಬುದನ್ನು ಕೇಳಿ, ಸಿಕ್ಕ ಉತ್ತರವನ್ನು ಮುಂದಿನ ವರ್ಷದ ಯೋಜನೆಯ ಮೊದಲ ಪುಟದಲ್ಲಿ ಬರೆಯಲಿ.

ನಮಸ್ಕಾರ.